ಸಿದ್ಧಲಿಂಗೇಶರ ಕಲ್ಕತ್ತಾ ಬುಡ್ಡಿ

ಶಿಕಾರಿಪುರದಲ್ಲಿ ಒಂದು ಕಾಲಕ್ಕೆ ಮಾತ್ರೆ ತಯಾರಾಗುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ನಾನು ಅದನ್ನು ಮಾರಿದ್ದೇನೆ. ಸೊರಬದ ಬಸ್ ನಿಲ್ದಾಣದ ಎದುರು ನನ್ನದು ಔಷಧಿ ಅಂಗಡಿ. ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಗಾಜಿನ ಕಪಾಟಿನ ಒಂದು ಸಾಲು ಪೂರ್ತಿ ‘ಸಿದ್ಧೋಫೆನ್’ ಎಂಬ ನೋವು-ಬಾವಿನ ಮಾತ್ರೆಯದೇ ಆಗಿತ್ತು. ಪಟ್ಟಿಯ ಮೇಲೆ ಒಂದು ಮೊಣಕಾಲಿನ ಚಿತ್ರ, ಅದರ ಸುತ್ತ ಸೂರ್ಯನ ಕಿರಣ.

ಅದನ್ನು ತಯಾರಿಸಿದ ಸಿದ್ಧಲಿಂಗೇಶರು ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳ್ಳನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತದೆ.

ಅವರ ತಂದೆ ಪರಮಶಿವಪ್ಪನವರಿಗೆ ಶಿರಾಳಕೊಪ್ಪದ ರಸ್ತೆಯಲ್ಲಿ ಅಕ್ಕಿ ಗಿರಣಿ ಇತ್ತು. ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಊದಿ, ಎರಡು ಕಾಳು ಹಲ್ಲಿಗೆ ಹಾಕಿ ಕಚ್ಚಿ, “ಹೂಂ” ಎಂದರೆ ಮಾಲು ಒಪ್ಪಿಗೆ, “ಊಂ” ಎಂದರೆ ಇಲ್ಲ. ಆ ಎರಡು ಸದ್ದಿನ ನಡುವಿನ ವ್ಯತ್ಯಾಸ ತಿಳಿಯದೆ ಕೆಟ್ಟ ವ್ಯಾಪಾರಿಗಳೂ ಇದ್ದರು. ದಾವಣಗೆರೆಯಲ್ಲಿ ಬಿ.ಕಾಂ. ಓದಿ ಬಂದ ಮಗನಿಗೆ ಇದು ಹಿಡಿಸಲಿಲ್ಲ. ಆಗ ದೇಶದ ಬಾಗಿಲು ತೆರೆದಿದೆಯೆಂದು ಪೇಪರಿನಲ್ಲಿ ದಿನಾ ಬರುತ್ತಿತ್ತು. ತೆರೆದ ಬಾಗಿಲಲ್ಲಿ ಶಿಕಾರಿಪುರದಿಂದ ಮೊದಲು ಹೊಕ್ಕವರು ತಾವೇ ಆಗಬೇಕೆಂದು ಸಿದ್ಧಲಿಂಗೇಶರಿಗೆ ಅನಿಸಿತು.

“ಮಾತ್ರೆ ಫ್ಯಾಕ್ಟರಿ ಹಾಕ್ತೀನಿ ಅಪ್ಪಾಜಿ,” ಎಂದರು.

“ಯಾವ ಮಾತ್ರೆ?”

“ಮೊಣಕಾಲು ನೋವಿಂದು. ಅಂಜನಾಪುರ ಡ್ಯಾಮಿನ ನೀರು ಹರಿಯೋವರೆಗೆ ನಾಟಿ ಇರ್ತದೆ. ನಾಟಿ ಇರೋವರೆಗೆ ಸೊಂಟ, ಮೊಣಕಾಲು ಹಿಡ್ಕೊಂಡೇ ಇರ್ತವೆ. ಇದಕ್ಕಿಂತ ಗ್ಯಾರಂಟಿ ಗಿರಾಕಿ ಎಲ್ಲಿ ಸಿಗ್ತಾರೆ?”

ಪರಮಶಿವಪ್ಪನವರು, “ಆತು. ಜನ ನರಳಿದ್ರೆ ನಮಗೆ ಸುಗ್ಗಿ ಅನ್ನು,” ಎಂದರಂತೆ. ಮಗ ಅದನ್ನು ಆಶೀರ್ವಾದ ಎಂದೇ ತಿಳಿದರು.

ಗಿರಣಿಯ ಹಿಂದಿನ ಜಾಗದಲ್ಲಿ ತಗಡಿನ ಶೆಡ್ಡು ಎದ್ದಿತು. ಮಾತ್ರೆ ಒತ್ತುವ ಯಂತ್ರ ಬಂತು. ಕಾನೂನಿನ ಪ್ರಕಾರ ಒಂದು ಪ್ರಯೋಗಾಲಯ, ಅದರಲ್ಲಿ ಒಬ್ಬ ಓದಿದವನು ಇರಬೇಕಿತ್ತು. ಹೊಸಬಾಳೆಯ ಗುತ್ಯಪ್ಪ ಆಗಷ್ಟೇ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸರ್ಕಾರಿ ನೌಕರಿಯ ಜಾಹೀರಾತು ಕಾಯುತ್ತ ಮನೆಯಲ್ಲಿ ಕೂತಿದ್ದ. ಅವನಿಗೆ ಕೆಲಸ ಸಿಕ್ಕಿತು. ದಿನಾ ಸೊರಬದಿಂದ ಶಿಕಾರಿಪುರಕ್ಕೆ ಹೋಗಿ ಬರುವವನು, ಸಂಜೆ ಹೊಸಬಾಳೆಯ ಬಸ್ಸು ಬರುವವರೆಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ಫ್ಯಾಕ್ಟರಿಯ ಒಳಗಿನ ಕಥೆ ನನಗೆ ಗೊತ್ತಾದದ್ದು ಹೀಗೆ.

ಪರವಾನಗಿಗೆ ಎಲ್ಲ ಸರಿಹೋಯಿತು, ಒಂದು ಬಾಕಿ ಉಳಿಯಿತು. ತಯಾರಿಸುವ ಮದ್ದಿನ ಪ್ರಮಾಣೀಕೃತ ಮಾದರಿ, ಗುತ್ಯಪ್ಪನ ಬಾಯಲ್ಲಿ ‘ರೆಫರೆನ್ಸ್ ಸ್ಟ್ಯಾಂಡರ್ಡ್’, ಪ್ರಯೋಗಾಲಯದಲ್ಲಿ ಇರಲೇಬೇಕು. ಕಲ್ಕತ್ತೆಯ ಸರ್ಕಾರಿ ಪ್ರಯೋಗಾಲಯಕ್ಕೆ ಬರೆದು ತರಿಸಿದರು. ರಿಜಿಸ್ಟರ್ ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆಯನ್ನು ಬಿಚ್ಚಿ, ಹತ್ತಿಯ ಪದರ ಪದರ ತೆಗೆದರೆ ಕೊನೆಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ಉದ್ದದ ಕಂದು ಗಾಜಿನ ಬುಡ್ಡಿ. ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಮೂರ್ನಾಲ್ಕು ಮಾತ್ರೆಗೆ ಆಗುವಷ್ಟು. ಜೊತೆಗೆ ಮೊಹರು ಹಾಕಿದ ಪ್ರಮಾಣಪತ್ರ.

“ಇದ್ರಾಗೆ ಏನೈತ್ರೀ ಅಂಥದ್ದು?” ಸಿದ್ಧಲಿಂಗೇಶರು ಕೇಳಿದರು.

“ನಮ್ಮ ಮಾತ್ರೇಲಿ ಇರೋ ಮದ್ದೇ ಸಾರ್. ಆದ್ರೆ ಇದು ಎಷ್ಟು ಶುದ್ಧ ಅಂತ ನಿಖರವಾಗಿ ಅಳೆದು, ಸಹಿ ಮಾಡಿ ಕಳ್ಸಿದಾರೆ. ಇದನ್ನ ಒಂಚೂರು ಕರಗಿಸಿ ಮೆಷಿನ್ನಿಗೆ ಇಟ್ರೆ ಒಂದು ಗೆರೆ ಏಳ್ತದೆ. ನಮ್ಮ ಮಾತ್ರೆ ಕರಗಿಸಿ ಇಟ್ರೆ ಇನ್ನೊಂದು ಗೆರೆ. ಎರಡೂ ಒಂದೇ ಎತ್ತರ ಬಂದ್ರೆ ನಮ್ಮ ಮಾತ್ರೇಲಿ ಮದ್ದು ಪೂರ್ತಿ ಐತೆ ಅಂತ.”

“ಕರಗಿಸಿದ್ದನ್ನ ಆಮೇಲೆ ಏನ್ ಮಾಡ್ತೀರಿ?”

“ಚೆಲ್ಲೋದು ಸಾರ್.”

“ಚೆಲ್ಲೋದು!” ಸಿದ್ಧಲಿಂಗೇಶರು ಬುಡ್ಡಿಯನ್ನು ಎದೆಗೆ ಒತ್ತಿಕೊಂಡರು. “ಏನ್ ಮಾತಾಡ್ತೀರಿ ಗುತ್ಯಪ್ಪ? ನಮ್ಮ ಗಿರಣಿ ತೂಕದ ಕಲ್ಲು ನಮ್ಮ ಅಜ್ಜನ ಕಾಲದ್ದು. ಸರ್ಕಾರದ ಮುದ್ರೆ ಬಿದ್ದದ್ದು. ದಿನಾ ತೂಗ್ತೀವಿ, ಒಂದ್ ಚೂರು ಸವೆದಿಲ್ಲ. ಇದ್ಯಾವ ಸೀಮೆ ಸ್ಟ್ಯಾಂಡರ್ಡು, ಬಳಸಿದ್ರೆ ಖಾಲಿ ಆಗೋದು?”

“ಖಾಲಿ ಆಗೋಕೇ ಇರೋದು ಸಾರ್. ಆದ್ಮೇಲೆ ಇನ್ನೊಂದು ತರಿಸ್ಬೇಕು.”

“ಇನ್ನೊಂದು ಬರೋದ್ರೊಳಗೆ ಇನ್ಸ್‌ಪೆಕ್ಟರ್ ಬಂದು ‘ಎಲ್ರೀ ಸ್ಟ್ಯಾಂಡರ್ಡು’ ಅಂದ್ರೆ ಖಾಲಿ ಬುಡ್ಡಿ ತೋರಿಸ್ಲಾ? ಮುಟ್ಟಬ್ಯಾಡ್ರಿ. ಇದು ಇರ್ಬೇಕು ಅಂತ ಕಾನೂನು. ಐತೆ.”

ಗುತ್ಯಪ್ಪ ಹೋರಾಟಗಾರನಲ್ಲ. ಅವನು ಒಂದು ದಾರಿ ಕಂಡುಕೊಂಡ. ಮಾತ್ರೆ ಮಾಡಲು ತರಿಸಿದ ಮದ್ದಿನ ಡ್ರಮ್ಮಿನಿಂದಲೇ ಒಂದು ಚಿಟಿಕೆ ತೆಗೆದಿಟ್ಟು, ಅದನ್ನೇ ಸ್ಟ್ಯಾಂಡರ್ಡ್ ಎಂದು ಕರೆದ. ಡ್ರಮ್ಮಿನ ಮದ್ದಿನಿಂದ ಮಾಡಿದ ಮಾತ್ರೆಯನ್ನು ಅದೇ ಡ್ರಮ್ಮಿನ ಮದ್ದಿನ ಜೊತೆ ಹೋಲಿಸಿದ. ಮೊದಲ ದಿನವೇ ಫಲಿತಾಂಶ ನೂರಕ್ಕೆ ನೂರು. ಮುಂದಿನ ಡ್ರಮ್ಮು ಬಂದಾಗ ಆ ಡ್ರಮ್ಮಿನ ಚಿಟಿಕೆ. ಆಗಲೂ ನೂರಕ್ಕೆ ನೂರು. ಹೊಸಬಾಳೆಯ ಶಾಲೆಯಲ್ಲಿ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಇದ್ದಿದ್ದರೆ ಅವನು ರಾಜ್ಯಕ್ಕೇ ಮೊದಲು ಬರುತ್ತಿದ್ದ.

“ಇದು ಸರಿಯೇನೋ?” ಎಂದು ಒಂದು ಸಂಜೆ ನಾನು ಕೇಳಿದೆ.

“ಸರಿ ಅಲ್ಲ ಅಣ್ಣ. ಆದ್ರೆ ತಪ್ಪು ಅಂತ ಹೇಳಾಕೆ ಬುಡ್ಡಿ ಸೀಲು ಒಡೀಬೇಕು. ಬುಡ್ಡಿ ಒಡ್ಯಾಕೆ ಅವ್ರು ಬಿಡಲ್ಲ. ಹಂಗಾಗಿ ಸದ್ಯಕ್ಕೆ ಯಾವ ತಪ್ಪೂ ಇಲ್ಲ,” ಎಂದು ಹೇಳಿ ಬಸ್ಸು ಹತ್ತಿದ.

ಪರವಾನಗಿ ಕೊಡಲು ಬಂದ ಅಧಿಕಾರಿಗಳೂ ಬುಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, ಪ್ರಮಾಣಪತ್ರ ಓದಿ, ತಲೆದೂಗಿ ಕಾಫಿ ಕುಡಿದರು. ಸಿದ್ಧಲಿಂಗೇಶರು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದರು. ಅಂದಿನಿಂದ ‘ಸರ್ಟಿಫೈಡ್’ ಎಂಬ ಮಾತು ಅವರ ಬಾಯಿಂದ ಇಳಿಯಲಿಲ್ಲ. ಫ್ಯಾಕ್ಟರಿಯ ಬೋರ್ಡಿನಲ್ಲಿ ಅದು ಬಂತು, ಮಾತ್ರೆಯ ಪಟ್ಟಿಯಲ್ಲಿ ಬಂತು, ಸ್ಕೂಟರಿನ ಮುಂಭಾಗದಲ್ಲೂ ಬಂತು. ಮಾವಿನಹಣ್ಣು ಕೊಳ್ಳುವಾಗಲೂ “ಇದು ಸರ್ಟಿಫೈಡ್ ಏನವ್ವಾ?” ಎಂದು ಕೇಳುತ್ತಿದ್ದರಂತೆ.

ಬುಡ್ಡಿಯ ಮೇಲೆ ‘ತಂಪಾದ, ಕತ್ತಲೆಯ, ಒಣ ಜಾಗದಲ್ಲಿಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ತಗಡಿನ ಶೆಡ್ಡಿನಲ್ಲಿ ಬೇಸಿಗೆಯಲ್ಲಿ ಮನುಷ್ಯರೇ ಬೇಯುತ್ತಿದ್ದರು. ಫ್ರಿಜ್ಜು ಇತ್ತು, ಆದರೆ ಕರೆಂಟು ಅರ್ಧ ದಿನ ಇರುತ್ತಿರಲಿಲ್ಲ. ಸಿದ್ಧಲಿಂಗೇಶರು ಯೋಚಿಸಿದರು. ಇಡೀ ಶಿಕಾರಿಪುರದಲ್ಲಿ ಅವರಿಗೆ ಗೊತ್ತಿದ್ದ ತಂಪಾದ, ಕತ್ತಲೆಯ, ಒಣ ಜಾಗ ಒಂದೇ, ತಮ್ಮ ಮನೆಯ ದೇವರ ಕೋಣೆ. ಬುಡ್ಡಿ ಅಲ್ಲಿಗೆ ಹೋಯಿತು. ದೇವರ ಮುಂದೆ ಇಟ್ಟದ್ದನ್ನು ಬರೀ ಇಡಲಾಗುತ್ತದೆಯೇ? ಮುಚ್ಚಳಕ್ಕೆ ದಿನಾ ಗಂಧ, ಕುಂಕುಮ ಏರತೊಡಗಿತು. ಫ್ಯಾಕ್ಟರಿಗೆ ಹೊರಡುವ ಮುಂಚೆ ಅವರು ಕೈಮುಗಿದು, “ಅವ್ವಾ, ಇದಕ್ಕಿಂತ ಶುದ್ಧ ಮದ್ದು ಇಡೀ ದೇಶದಾಗೆ ಇಲ್ಲ,” ಎಂದು ತಾಯಿಗೆ ಹೇಳಿಯೇ ಚಪ್ಪಲಿ ಮೆಟ್ಟುತ್ತಿದ್ದರು.

ಆ ತಾಯಿಯ ಹೆಸರು ಬಸವಣ್ಣೆಮ್ಮ. ಗಟ್ಟಿ ಹೆಂಗಸು, ಮೊಣಕಾಲುಗಳನ್ನು ಬಿಟ್ಟು. ಎರಡೂ ಮೊಣಕಾಲು ಊದಿಕೊಂಡು, ನೆಲಕ್ಕೆ ಕೂರಲಾಗದೆ, ಮಣೆಯ ಬದಲು ಕುರ್ಚಿಯ ಮೇಲೆ ಕೂತು ಇಷ್ಟಲಿಂಗ ಪೂಜೆ ಮಾಡಬೇಕಾಗಿ ಬಂದದ್ದು ಅವರಿಗೆ ದೊಡ್ಡ ಸಂಕಟ. “ಲಿಂಗಯ್ಯನ್ನ ಕೈಯಾಗೆ ಹಿಡ್ಕೊಂಡು ಸಾಹೇಬನಂಗೆ ಕುರ್ಚಿ ಮ್ಯಾಲೆ ಕೂರೋದಾ?” ಎಂದು ಕಣ್ಣೀರು ಹಾಕುತ್ತಿದ್ದರು. ಮಗನ ಮಾತ್ರೆ ಬಂದಾಗ ಮೊದಲ ಪಟ್ಟಿ ಅವರಿಗೇ. ಮೊದಮೊದಲು ಗುಣವೂ ಕಂಡಿತು. ಆಮೇಲೆ ಸಿದ್ಧಲಿಂಗೇಶರಿಗೆ ಮುಂಬಯಿಯ ಒಬ್ಬ ಹೊಸ ದಲ್ಲಾಳಿ ಸಿಕ್ಕಿದ. ಅವನ ಮದ್ದು ಅಗ್ಗ, ಮಾತು ಸಿಹಿ. ಅವನ ಡ್ರಮ್ಮುಗಳ ಮಾತ್ರೆಯೂ ಗುತ್ಯಪ್ಪನ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂತು. ಬಸವಣ್ಣೆಮ್ಮನವರ ಮೊಣಕಾಲು ಮಾತ್ರ ಒಪ್ಪಲಿಲ್ಲ.

ಬೇರೆ ಮೊಣಕಾಲುಗಳೂ ಒಪ್ಪಲಿಲ್ಲ. ಬಂದಳಿಕೆಯ ಉಜ್ಜಪ್ಪ ಎಂಬ ರೈತ ಎತ್ತಿನ ಗಾಡಿಯಲ್ಲಿ ಫ್ಯಾಕ್ಟರಿಗೇ ಬಂದ.

“ಸಾವ್ಕಾರ್ರೆ, ನಿಮ್ಮ ಮಾತ್ರೆ ಸುಣ್ಣ ನುಂಗಿದಂಗೆ ಐತೆ. ನೋವು ಇದ್ದಲ್ಲೇ ಐತೆ.”

ಸಿದ್ಧಲಿಂಗೇಶರು ಸಿಟ್ಟಾಗಲಿಲ್ಲ. ಕುರ್ಚಿ ಹಾಕಿಸಿ, ಗೋಡೆಯ ಪ್ರಮಾಣಪತ್ರ ತೋರಿಸಿ, ಗುತ್ಯಪ್ಪನಿಂದ ಪರೀಕ್ಷೆಯ ಫಲಿತಾಂಶ ತರಿಸಿ ಓದಿ ಹೇಳಿದರು. “ನೋಡ್ರಿ, ನೂರು ಪಾಯಿಂಟ್ ಎರಡು. ನೂರಕ್ಕಿಂತ ಜಾಸ್ತಿನೇ ಐತೆ. ಎಲ್ಲಾ ಸರ್ಟಿಫೈಡ್.”

ಉಜ್ಜಪ್ಪ ಕಾಗದವನ್ನೂ ತನ್ನ ಮೊಣಕಾಲನ್ನೂ ಒಂದೊಂದು ಸಲ ನೋಡಿದ. “ಹಂಗಾರೆ ಇದೇ ಸುಳ್ಳು ಹೇಳ್ತಿರ್ಬೇಕು,” ಎಂದು ಮೊಣಕಾಲಿಗೆ ಒಂದು ಏಟು ಹಾಕಿ, ಕುಂಟುತ್ತ ಗಾಡಿ ಹತ್ತಿದ.

ಶ್ರಾವಣದಲ್ಲಿ ಒಂದು ಸೋಮವಾರ ಬಸವಣ್ಣೆಮ್ಮ ಕುರ್ಚಿಯಲ್ಲಿ ಕೂತು ಪೂಜೆ ಮುಗಿಸಿದರು. ಎದುರಿಗೆ ಬುಡ್ಡಿ. ದೇಶದಲ್ಲೇ ಶುದ್ಧವಾದ ಮದ್ದು ದೇವರ ಮುಂದೆ ಸುಮ್ಮನೆ ಕೂತಿದೆ, ದೇವರಿಗೆ ಮೊಣಕಾಲು ನೋವಿಲ್ಲ. ನೋವಿರುವುದು ತಮಗೆ. ಪೂಜೆಗೆ ಇಟ್ಟದ್ದು ಪೂಜೆಯಾದ ಮೇಲೆ ಪ್ರಸಾದ ತಾನೇ? ಮುಚ್ಚಳ ತಿರುವಿದರು. ಮುದ್ರೆಯ ಪಟ್ಟಿ ಹರಿಯಿತು. ಒಂದು ಚಿಟಿಕೆ ತೆಗೆದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿದರು. ಕಹಿ ಇತ್ತಂತೆ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಹಗುರಾಯಿತು. ಮಾರನೆಯ ದಿನವೂ ಒಂದು ಚಿಟಿಕೆ, ಅದರ ಮರುದಿನವೂ. ಬುಧವಾರ ಅವರು ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಮಣೆ ಹಾಕಿ, ಕಾಲು ಮಡಚಿ ನೆಲದ ಮೇಲೆ ಕೂತು ಪೂಜೆ ಮಾಡಿದರು. ಬಹಳ ಹೊತ್ತು ಮೇಲೇಳಲಿಲ್ಲ. ಏಳಲಾಗದೆ ಅಲ್ಲ, ಏಳಲು ಮನಸ್ಸಿಲ್ಲದೆ.

ಬುಡ್ಡಿ ಖಾಲಿಯಾಗಿತ್ತು. ದೇವರ ಮುಂದೆ ಖಾಲಿ ಪಾತ್ರೆ ಇಡಬಾರದು. ವಿಭೂತಿ ಗಟ್ಟಿಯನ್ನು ಉಗುರಿನಿಂದ ಕೆರೆದು, ಆ ಪುಡಿಯನ್ನು ತುಂಬಿ, ಮುಚ್ಚಳ ತಿರುವಿ, ಹರಿದ ಪಟ್ಟಿ ಕಾಣದ ಹಾಗೆ ದಪ್ಪಗೆ ಗಂಧ ಮೆತ್ತಿದರು. ಕಂದು ಗಾಜಿನೊಳಗೆ ಎಲ್ಲ ಬಿಳಿಯೂ ಒಂದೇ ಬಿಳಿ. ಮಗ ಎಂದಿನಂತೆ ಕೈಮುಗಿದು ಹೋದರು.

ಮಳೆಗಾಲ ಕಳೆದ ಮೇಲೆ ಔಷಧ ಇನ್ಸ್‌ಪೆಕ್ಟರ್ ರಂಗಪ್ಪನವರು ನನ್ನ ಅಂಗಡಿಗೆ ಬಂದು ಸಿದ್ಧೋಫೆನ್ ಮಾದರಿ ಒಯ್ದರು. ಕೆಲವು ವಾರಗಳ ನಂತರ ಮತ್ತೆ ಬಂದು, “ಅಂಗಡಿ ಮುಚ್ಚಿ ನಡೀರಿ, ಶಿಕಾರಿಪುರಕ್ಕೆ. ಮಾತ್ರೇಲಿ ಮದ್ದು ಅರ್ಧಕ್ಕಿಂತ ಸ್ವಲ್ಪ ಮೇಲೆ ಐತೆ ಅಷ್ಟೆ. ಮಾದರಿ ತೆಗೆದದ್ದು ನಿಮ್ಮಲ್ಲಿ, ನೀವೂ ಇರ್ಬೇಕು,” ಎಂದರು. ಹೀಗೆ ಆ ದಿನ ನಾನೂ ಅಲ್ಲಿದ್ದೆ.

ಸಿದ್ಧಲಿಂಗೇಶರು ಅರ್ಧಕ್ಕಿಂತ ಮೇಲೆ ಎಂಬ ಮಾತು ಕೇಳಿ ನಕ್ಕೇಬಿಟ್ಟರು. “ಸಾಧ್ಯನೇ ಇಲ್ಲ ಸಾರ್. ನಮ್ದು ಎಲ್ಲಾ ನೂರಕ್ಕೆ ನೂರು.”

“ಯಾವುದಕ್ಕೆ ಹೋಲಿಸಿ ನೂರು?” ರಂಗಪ್ಪ ಕೇಳಿದರು.

ಗುತ್ಯಪ್ಪ ಕಿಟಕಿಯಾಚೆ ನೋಡಿದ. ಸಿದ್ಧಲಿಂಗೇಶರು, “ಕಲ್ಕತ್ತಾ ಸ್ಟ್ಯಾಂಡರ್ಡು ಸಾರ್! ಈಗ್ಲೇ ತರಿಸ್ತೀನಿ,” ಎಂದು ತಾವೇ ಸ್ಕೂಟರಿನಲ್ಲಿ ಹೋಗಿ ಬುಡ್ಡಿಯನ್ನು ಹಿತ್ತಾಳೆಯ ತಟ್ಟೆಯಲ್ಲಿಟ್ಟು ತಂದರು. ಮೇಲೆ ಒಂದು ಸೇವಂತಿಗೆಯೂ ಇತ್ತು.

ರಂಗಪ್ಪನವರು ಹೂವನ್ನು ಎರಡು ಬೆರಳಲ್ಲಿ ತೆಗೆದು ಪಕ್ಕಕ್ಕಿಟ್ಟು, “ನನ್ನೆದುರೇ ಟೆಸ್ಟ್ ಮಾಡ್ರಿ,” ಎಂದರು. ಇಷ್ಟು ವರ್ಷ ಕಾದಿಟ್ಟದ್ದನ್ನು ಒಡೆಯಬೇಕಾಗಿ ಬಂದದ್ದಕ್ಕೆ ಸಿದ್ಧಲಿಂಗೇಶರ ಮುಖ ಸಣ್ಣದಾಯಿತು. ಆದರೂ ಒಪ್ಪಿದರು.

ಗುತ್ಯಪ್ಪ ಗಂಧ ಕೆರೆದು ಮುಚ್ಚಳ ತೆಗೆದು, ಪುಡಿಯನ್ನು ತೂಗಿ ದ್ರಾವಕಕ್ಕೆ ಹಾಕಿದ. ಅಲ್ಲಾಡಿಸಿದ. ಕರಗಲಿಲ್ಲ. ಇನ್ನಷ್ಟು ಅಲ್ಲಾಡಿಸಿದ. ಪುಡಿ ತಳದಲ್ಲಿ ನೆಮ್ಮದಿಯಾಗಿ ಕೂತಿತು. ಮೇಲಿನ ತಿಳಿಯನ್ನು ಸೋಸಿ ಯಂತ್ರಕ್ಕಿಟ್ಟ. ಗೆರೆ ನೆಲ ಬಿಟ್ಟು ಏಳಲಿಲ್ಲ. ಆಮೇಲೆ ಸಿದ್ಧೋಫೆನ್ ಕರಗಿಸಿ ಇಟ್ಟ. ಅದು ತಕ್ಕಮಟ್ಟಿಗೆ ಎದ್ದಿತು.

“ಏನಾತ್ರೀ?” ಸಿದ್ಧಲಿಂಗೇಶರು ಕೇಳಿದರು.

“ಸ್ಟ್ಯಾಂಡರ್ಡ್ ಸೊನ್ನೆ ಬಂತು ಸಾರ್,” ಗುತ್ಯಪ್ಪ ಹೇಳಿದ. “ನಮ್ಮ ಮಾತ್ರೆ... ಅದಕ್ಕಿಂತ ಜಾಸ್ತಿ.”

“ಎಷ್ಟು ಜಾಸ್ತಿ?”

“ಸೊನ್ನೆಯಿಂದ ಭಾಗಿಸಾಕೆ ಬರಲ್ಲ ಸಾರ್. ಅಪರಿಮಿತ ಅಂತ.”

ಸಿದ್ಧಲಿಂಗೇಶರ ಮುಖ ಅರಳಿತು. ಇನ್ಸ್‌ಪೆಕ್ಟರ ಕಡೆ ತಿರುಗಿ, “ಕೇಳಿದ್ರಾ ಸಾರ್? ಅಪರಿಮಿತ!” ಎಂದರು. ಆಮೇಲೆ ಮೆಲ್ಲಗೆ, “ಅಪರಿಮಿತ ಅಂದ್ರೆ ಪರ್ಸೆಂಟ್ ಲೆಕ್ಕದಾಗೆ ಎಷ್ಟಾಗ್ತದೆ ಗುತ್ಯಪ್ಪ?” ಎಂದು ಕೇಳಿದರು.

ರಂಗಪ್ಪನವರು ಬುಡ್ಡಿ ತೆಗೆದುಕೊಂಡು ಮೂಸಿದರು. ಒಂದು ಚೂರು ಬೆರಳಿಗೆ ತೆಗೆದುಕೊಂಡು ತಿಕ್ಕಿದರು. ಅವರೂ ದಿನಾ ಹಣೆಗೆ ಹಚ್ಚುವವರೇ. “ಇದು ಮದ್ದಲ್ಲ ಮಾರಾಯ್ರೆ,” ಎಂದರು. “ವಿಭೂತಿ.”

ಕಲ್ಕತ್ತೆಯವರು ಮೋಸ ಮಾಡಿದ್ದಾರೆ, ಈಗಲೇ ದೂರು ಬರೆಯುತ್ತೇನೆ ಎಂದು ಸಿದ್ಧಲಿಂಗೇಶರು ಕೂಗಾಡಿದರು. ಕಲ್ಕತ್ತೆಯವರಿಗೆ ವಿಭೂತಿ ಎಲ್ಲಿ ಸಿಗುತ್ತದೆ ಎಂದು ಗುತ್ಯಪ್ಪ ಕೇಳಿದ ಮೇಲೆ ಅವರಿಗೆ ದೇವರ ಕೋಣೆ ನೆನಪಾಯಿತು. ನಾವು ನಾಲ್ವರೂ ಅವರ ಮನೆಗೆ ಹೋದೆವು.

ಬಸವಣ್ಣೆಮ್ಮ ಏನನ್ನೂ ಮುಚ್ಚಿಡಲಿಲ್ಲ. “ನಾನೇ ತಿಂದೆ,” ಎಂದರು.

“ಅವ್ವಾ! ಅದು ತಿನ್ನೋದಲ್ಲ, ಸ್ಟ್ಯಾಂಡರ್ಡು!”

“ಮದ್ದು ಅಂತ ನೀನೇ ಹೇಳಿದ್ದಲ್ಲಪ್ಪಾ. ಮದ್ದನ್ನ ತಿನ್ನದೆ ನೋಡ್ಕಂತ ಕೂರೋದಾ? ನಿನ್ನ ಮಾತ್ರೆ ವರ್ಷಾನುಗಟ್ಲೆ ನುಂಗಿದೀನಿ, ನೀನು ನೊಂದ್ಕಂತೀಯ ಅಂತ ಬಾಯಿ ಬಿಟ್ಟಿಲ್ಲ. ಇದು ಮೂರೇ ದಿನಕ್ಕೆ ನನ್ನ ನೆಲಕ್ಕೆ ಕೂರಿಸ್ತು.” ಆಮೇಲೆ ಇನ್ಸ್‌ಪೆಕ್ಟರನ್ನು ನೋಡಿ, “ದೇವರ ಮುಂದೆ ಇಟ್ಟಿದ್ದಕ್ಕೇ ಅದಕ್ಕೆ ಶಕ್ತಿ ಬಂದಿದ್ದು ಸಾಹೇಬ್ರೆ. ಇವನ ಡಬ್ಬಿಗಳನ್ನೂ ತಂದು ಇಲ್ಲಿ ನಾಕು ದಿನ ಇಡ್ಲಿ, ಎಲ್ಲಾ ಸರಿ ಹೋಗ್ತವೆ,” ಎಂದು ಸಲಹೆ ಕೊಟ್ಟರು.

ರಂಗಪ್ಪನವರು ಗಂಭೀರವಾಗಿ, “ಕಾನೂನಲ್ಲಿ ಅವಕಾಶ ಇಲ್ಲ ತಾಯಿ,” ಎಂದರು.

ಪರವಾನಗಿ ಅಮಾನತಾಯಿತು, ಮಾತ್ರೆ ತಯಾರಿಕೆ ನಿಂತಿತು. ಕೇಸೂ ಆಯಿತು. ಮುಂಬಯಿಯ ದಲ್ಲಾಳಿಯ ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿರಲಿಲ್ಲ. ಸಿದ್ಧಲಿಂಗೇಶರು ಕಲ್ಕತ್ತೆಗೆ ಮತ್ತೆ ಬರೆದು ಹೊಸ ಬುಡ್ಡಿ ತರಿಸಿದರು. ಈ ಸಲ ಪಾರ್ಸೆಲ್ಲು ಬಂದ ದಿನವೇ ಗುತ್ಯಪ್ಪನ ಮೇಜಿನ ಮೇಲಿಟ್ಟು, “ಒಡೀರಿ,” ಎಂದರು. ಗುತ್ಯಪ್ಪ ಕರಗಿಸಿದ. ಯಂತ್ರದ ಗೆರೆ ನೆಟ್ಟಗೆ ಎದ್ದು ನಿಂತಿತು. ಅದರ ಪಕ್ಕದಲ್ಲಿ ಮುಂಬಯಿ ಡ್ರಮ್ಮಿನ ಗೆರೆ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಸಿದ್ಧಲಿಂಗೇಶರು ಆ ಎರಡು ಗೆರೆಗಳನ್ನು ತುಂಬ ಹೊತ್ತು ನೋಡಿದರಂತೆ. “ಅಷ್ಟು ವ್ಯತ್ಯಾಸ ಇತ್ತೇನ್ರೀ?” ಎಂದು ಒಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋಗಿ, ಗೋಡೌನಿನಲ್ಲಿದ್ದ ಮಾತ್ರೆಯೆಲ್ಲ ಗುಂಡಿಗೆ ಹಾಕಿಸಿದರು. ಅಂಗಡಿಗಳಿಗೆ ಕೊಟ್ಟದ್ದನ್ನು ತಾವೇ ಬಂದು ವಾಪಸ್ ಒಯ್ದರು. ನನ್ನ ಕಪಾಟಿನ ಸಾಲನ್ನೂ ಅವರೇ ಖಾಲಿ ಮಾಡಿ, ಕೈ ಒರೆಸಿಕೊಂಡು, “ನಿಮ್ಮ ಗಿರಾಕಿಗಳಿಗೆ ಏನಂತ ಹೇಳ್ತೀರಿ?” ಎಂದರು. ನಾನು ಖಾಲಿ ಸಾಲಿನ ಧೂಳು ಒರೆಸಿದೆ.

ಪರವಾನಗಿ ಮರಳಿ ಬಂದ ಮೇಲೆ ಫ್ಯಾಕ್ಟರಿ ಮತ್ತೆ ಶುರುವಾಯಿತು. ಒಂದು ವಿಚಿತ್ರ ನಡೆಯಿತು. ಮುಂಚೆ ಯಾವತ್ತೂ ಫೇಲಾಗದ ಪರೀಕ್ಷೆ ಈಗ ಆಗಾಗ ಫೇಲಾಗತೊಡಗಿತು. ಒಮ್ಮೆ ಮದ್ದು ಕಡಿಮೆ, ಒಮ್ಮೆ ತೇವ ಜಾಸ್ತಿ. ಡ್ರಮ್ಮುಗಳು ಬಂದ ಲಾರಿಯಲ್ಲೇ ಹಿಂದಿರುಗಿದವು. “ಆ ಬುಡ್ಡಿ ಮುಚ್ಚಿದ್ದಾಗ್ಲೇ ಚೆನ್ನಾಗಿತ್ತು ಬಿಡ್ರಿ,” ಎಂದು ಸಿದ್ಧಲಿಂಗೇಶರು ನನ್ನೆದುರು ನಿಟ್ಟುಸಿರು ಬಿಟ್ಟದ್ದುಂಟು. ಆದರೂ ಮತ್ತೆ ಯಾವ ಬುಡ್ಡಿಯನ್ನೂ ಮುಚ್ಚಿಡಲಿಲ್ಲ. ಮಾತ್ರೆ ನಿಜವಾಗಿಯೂ ಒಳ್ಳೆಯದಾಯಿತು. ಒಳ್ಳೆಯದಾದ ಮೇಲೆ ಯಾರೂ ಕೊಳ್ಳಲಿಲ್ಲ. ಸಿದ್ಧೋಫೆನ್ ಎಂದರೆ ಸುಣ್ಣ ಎಂದು ಎರಡೂ ತಾಲ್ಲೂಕಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಆ ತೀರ್ಮಾನಕ್ಕೆ ಯಾವ ಪ್ರಮಾಣಪತ್ರವೂ ಬೇಕಿರಲಿಲ್ಲ.

ತೊಂಬತ್ತೆಂಟರಲ್ಲಿ ಮಾತ್ರೆ ಒತ್ತುವ ಯಂತ್ರವನ್ನು ಹುಬ್ಬಳ್ಳಿಯವರಿಗೆ ಕೊಟ್ಟುಬಿಟ್ಟರು. ಗುತ್ಯಪ್ಪ ಸಾಗರದ ಒಂದು ಕಾಲೇಜಿನಲ್ಲಿ ಮೇಷ್ಟ್ರಾದ; ಕಟ್ಟುನಿಟ್ಟಿನ ಮೇಷ್ಟ್ರು, ಅರ್ಧ ಅಂಕವನ್ನೂ ಬಿಡುವುದಿಲ್ಲ ಎಂದು ಹುಡುಗರು ಬೈಯುತ್ತಾರಂತೆ. ತಗಡಿನ ಶೆಡ್ಡಿಗೆ ಮೆಕ್ಕೆಜೋಳ ಬಂತು. ಸಿದ್ಧಲಿಂಗೇಶರು ಈಗ ಜೋಳದ ವ್ಯಾಪಾರಿ. ಮೊನ್ನೆ ಆ ಕಡೆ ಹೋದಾಗ ನೋಡಿದೆ. ಹೊಸನಗರದ ಕಡೆಯ ಒಬ್ಬ ರೈತ ಚೀಲದ ಪಕ್ಕ ನಿಂತು ಜೋಳ ಚೆನ್ನಾಗಿ ಒಣಗಿದೆ ಎಂದು ವಾದಿಸುತ್ತಿದ್ದ. ಸಿದ್ಧಲಿಂಗೇಶರು ತೇವ ಅಳೆಯುವ ಪುಟ್ಟ ಯಂತ್ರವನ್ನು ಅವನ ಕೈಗೇ ಕೊಟ್ಟು, “ನೀವೇ ಒಂದು ಹಿಡಿ ಹಾಕಿ ನೋಡ್ರಿ. ಎಷ್ಟು ಬರ್ತದೋ ಅಷ್ಟು,” ಎಂದರು. ರೈತ ಅನುಮಾನದಿಂದ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಇವರು ಅವನ ಪಕ್ಕದಲ್ಲಿ ಕಾಲು ಚಾಚಿ ಚೀಲದ ಮೇಲೆ ಕೂತು, ಯಾವ ಅವಸರವೂ ಇಲ್ಲದೆ ಕಾಯುತ್ತಿದ್ದರು.